ನೆಲ ಮುಟ್ಟದ ಚೆಂಡು

ಅಮರಗೋಳ, ಹುಬ್ಬಳ್ಳಿ
20 ಜನವರಿ 2025

ಇವರಿಗೆ,
ಮಹೆಕ, ಅಂಗಿ ನಂಬರು ಹದಿನೇಳು,
ಹುಬ್ಬಳ್ಳಿ ಚಿಲ್ಲೀಸ್ ಮಹಿಳಾ ಬಾಸ್ಕೆಟ್‌ಬಾಲ್ ತಂಡ, ಬಿಡಾರ ಪುಣೆ.

ವಿಷಯ: ತಾವು ಬೆಂಚಿನ ಮೇಲೆಯೇ ಕುಳಿತಿರುವ ಕುರಿತು.

ಮಾನ್ಯರೇ,

ನಾನು ಕರೀಮಾಬಿ. ಅಮರಗೋಳದ ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷದಿಂದ ದುಡಿಯುತ್ತಿದ್ದೇನೆ. ಚಳಿಗಾಲದಲ್ಲಿ ಮೆಣಸಿನಕಾಯಿ ಆರಿಸುವುದು, ಬೇಸಿಗೆಯಲ್ಲಿ ಲಾರಿಯಿಂದ ಕಲ್ಲಂಗಡಿ ಇಳಿಸುವುದು. ಅಕ್ಷರ ಕಲಿತದ್ದು ಮದುವೆಯಾದ ಮೇಲೆ, ಸಾಕ್ಷರತಾ ಆಂದೋಲನದಲ್ಲಿ. ಕಲಿತ ಮೇಲೆ ಮೊದಲು ಬರೆದದ್ದು ಹೆಂಗಸರಿಗೆ ಪಾಯಖಾನೆ ಬೇಕೆಂದು ಮಾರುಕಟ್ಟೆ ಸೆಕ್ರೆಟರಿಗೆ ಒಂದು ಮನವಿ. ಅಂದಿನಿಂದ ‘ವಿಷಯ’ ಎಂದು ಬರೆಯದೆ ನನಗೆ ಮುಂದಿನ ಸಾಲು ಹೊಳೆಯುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮೂರಿಗೊಂದು ತಂಡ ಬಂದಿದೆ ಎಂದು ತಿಳಿದದ್ದು ಪೋಸ್ಟರಿನಿಂದ. ಕೆಂಪು ಮೆಣಸಿನಕಾಯಿಗೆ ಕೈಕಾಲು ಬಿಡಿಸಿ, ಕೈಗೆ ಚೆಂಡು ಕೊಟ್ಟಿದ್ದರು. ನಮ್ಮ ಸರಕಿನ ಹೆಸರು ಇಟ್ಟುಕೊಂಡಿದ್ದಾರೆ, ಸರಕು ಹೇಗಿದೆ ನೋಡೋಣ ಎಂದು ನೋಡತೊಡಗಿದೆವು. ಹಮಾಲ ಗುಲಾಬಸಾಬ ತನ್ನ ಮೊಬೈಲನ್ನು ತಕ್ಕಡಿಯ ಕೊಕ್ಕೆಗೆ ಕಟ್ಟುತ್ತಾನೆ. ಕೆಳಗೆ ನಲವತ್ತು ಹೆಂಗಸರು ಕೂಡುತ್ತೇವೆ.

ಮೂರು ಪಂದ್ಯ ಆಯಿತು, ಮೂರೂ ಸೋತಿರಿ. ಸೋಲಿಗೆ ನಾವು ಹೆದರುವವರಲ್ಲ, ನಮಗೆ ಅಭ್ಯಾಸವಿದೆ. ಆದರೆ ನಿಮ್ಮವರ ಆಟ ಗೆಲ್ಲುವವರ ಆಟವಲ್ಲ. ಚೆಂಡು ಸಿಕ್ಕವಳು ಅದು ತನ್ನ ಅಪ್ಪನ ಆಸ್ತಿ ಎಂಬಂತೆ ಪುಟಿಸುತ್ತಾ ನಿಲ್ಲುತ್ತಾಳೆ. ಉಳಿದ ನಾಲ್ವರು ಮದುವೆಮನೆಗೆ ಬಂದ ದೂರದ ನೆಂಟರ ಹಾಗೆ ಸುಮ್ಮನೆ ನೋಡುತ್ತಾರೆ. ಗುಲಾಬಸಾಬ ಅಂದ: “ಇವರು ಆಡಾಕತ್ತಿಲ್ಲ ಕರೀಮಾ, ಒಬ್ಬೊಬ್ಬರ ಫೋಟೋ ತಗಸಾಕತ್ತಾರ.”

ಈಗ ನನ್ನ ಪ್ರಶ್ನೆ. ಪಂದ್ಯಕ್ಕೆ ಮುಂಚೆ ಎಲ್ಲರೂ ಮೈ ಬಿಸಿ ಮಾಡಿಕೊಳ್ಳುವಾಗ ನೀವು ಚೆಂಡು ಹಿಡಿಯುವುದನ್ನು ಕಂಡೆ. ಉಳಿದವರು ಎದೆಯ ಮುಂದೆ ಹಿಡಿಯುತ್ತಾರೆ. ನೀವು ಹೊಟ್ಟೆಗೆ ತಂದುಕೊಳ್ಳುತ್ತೀರಿ. ಚೆಂಡು ಬರುತ್ತಿರುವಾಗಲೇ ಕೈ ಅದರ ಜೊತೆ ಹಿಂದಕ್ಕೆ ಸರಿಯುತ್ತದೆ. ಆಮೇಲೆ ಸೊಂಟದಿಂದ, ಮುಖ ತಿರುಗಿಸದೆ ಎಸೆಯುತ್ತೀರಿ. ಐದು ನಿಮಿಷದಲ್ಲಿ ನಿಮ್ಮ ಕೈಯ ಚೆಂಡು ಒಂದು ಸಲವೂ ನೆಲ ಮುಟ್ಟಲಿಲ್ಲ.

ಕಲ್ಲಂಗಡಿ ಸಾಲಿನಲ್ಲಿ ನೀವು ಎಷ್ಟನೆಯವರಾಗಿ ನಿಲ್ಲುತ್ತಿದ್ದಿರಿ?

ತಮ್ಮ ವಿಶ್ವಾಸಿ,
ಕರೀಮಾಬಿ

*

ಪುಣೆ
29 ಜನವರಿ 2025

(ಅಚ್ಚು ಹಾಕಿದ ಕಾರ್ಡು)

ಪ್ರಿಯ ಅಭಿಮಾನಿ, ನಿಮ್ಮ ಪ್ರೀತಿಯೇ ನಮ್ಮ ಖಾರ. ಹುಬ್ಬಳ್ಳಿ ಚಿಲ್ಲೀಸ್ ನಿಮಗೆ ಋಣಿ.

(ಕೆಳಗೆ ಕೈಬರಹ)

ಲೀಗ್ ಮುಗಿಯುವವರೆಗೆ ನಮ್ಮ ಫೋನುಗಳು ಮ್ಯಾನೇಜರ್ ಸ್ನೇಹಲ್ ಮೇಡಂ ಪೆಟ್ಟಿಗೆಯಲ್ಲಿರುತ್ತವೆ. ಬೆಟ್ಟಿಂಗಿನವರ ಭಯ. ಭಾನುವಾರ ಮನೆಗೆ ಹತ್ತು ನಿಮಿಷ ಮಾತಾಡಬಹುದು. ಕಾಗದಕ್ಕೆ ತಡೆಯಿಲ್ಲ, ಯಾಕೆಂದರೆ ಈಗ ಯಾರೂ ಬರೆಯುವುದಿಲ್ಲ ಎಂದುಕೊಂಡಿದ್ದಾರೆ. ನಿಮ್ಮದೊಂದೇ ಬಂದದ್ದು.

ನಾನು ಯಾವ ಸಾಲಿನಲ್ಲೂ ನಿಂತವಳಲ್ಲ. ಆಟ ಕಲಿತದ್ದು ಧಾರವಾಡದ ಶಾಲೆಯಲ್ಲಿ.

ಮಹೆಕ

*

ಅಮರಗೋಳ
4 ಫೆಬ್ರವರಿ 2025

ವಿಷಯ: ತಮ್ಮ ಕಾರ್ಡು ತಲುಪಿದ ಕುರಿತು ಹಾಗೂ ತಂಡದ ಶೋಚನೀಯ ಸ್ಥಿತಿಯ ಕುರಿತು.

ಮಹೆಕ ಅವರೇ,

ಕಾರ್ಡು ತಲುಪಿತು. ಸೆಕ್ರೆಟರಿ ಆಫೀಸಿನಲ್ಲೂ ಹೀಗೆಯೇ ಅಚ್ಚು ಹಾಕಿದ ಚೀಟಿ ಕೊಡುತ್ತಾರೆ, ‘ಪರಿಶೀಲಿಸಲಾಗುವುದು’ ಎಂದು. ಪಾಯಖಾನೆ ಬರಲು ಆರು ವರ್ಷ ಬೇಕಾಯಿತು.

ಈಗ ಐದು ಪಂದ್ಯದಲ್ಲಿ ಒಂದು ಗೆಲುವು. ಅದೂ ಎದುರಾಳಿಯ ಎತ್ತರದ ಹುಡುಗಿಗೆ ಕಾಲು ಉಳುಕಿದ್ದರಿಂದ. ಎಂಟು ತಂಡದಲ್ಲಿ ನೀವು ಎಂಟನೆಯವರು. ಹೊಗಳುವವರು ಬೇಕಾದರೆ ಬೇರೆಯವರನ್ನು ಹುಡುಕಿಕೊಳ್ಳಿ.

ನಿಮಗೆ ಗೊತ್ತಿಲ್ಲ ಎಂದಿರಿ, ಹಾಗಾಗಿ ಹೇಳುತ್ತೇನೆ. ಕಲ್ಲಂಗಡಿ ಲಾರಿ ಬಂದಾಗ ಒಬ್ಬಳು ಮೇಲೆ ಹತ್ತುತ್ತಾಳೆ, ಆರು ಜನ ಕೆಳಗೆ ಸಾಲಾಗಿ ನಿಲ್ಲುತ್ತೇವೆ. ಕಾಯಿ ಕೈಯಿಂದ ಕೈಗೆ ಹಾರುತ್ತದೆ. ಒಂದು ಲಾರಿಗೆ ಎರಡು ಸಾವಿರ ಕಾಯಿ. ನೆಲಕ್ಕೆ ಬಿದ್ದರೆ ಒಡೆಯಿತು, ಒಡೆದದ್ದು ನಮ್ಮ ಕೂಲಿಯಲ್ಲಿ ಕಡಿತ. ಅದಕ್ಕೇ ನಮ್ಮಲ್ಲಿ ಯಾರಿಗೂ ಏನನ್ನೂ ನೆಲಕ್ಕೆ ಬಡಿಯುವ ಅಭ್ಯಾಸವಿಲ್ಲ. ಯಾರೂ ಯಾರ ಮುಖವನ್ನೂ ನೋಡುವುದಿಲ್ಲ, ಪುರುಸೊತ್ತಿಲ್ಲ. ಎಸೆಯುವವಳು ‘ಹಾಂ’ ಎಂದು ಕೂಗಿ ಎಸೆಯುತ್ತಾಳೆ, ಅಷ್ಟೇ.

ಇದರ ಜೊತೆ ನಿಮ್ಮ ಕೋಚ್ ರಾಜೀವ ಅವರಿಗೆ ಒಂದು ಮನವಿ ಕಳಿಸಿದ್ದೇವೆ. ನಕಲು ನಿಮ್ಮ ಅವಗಾಹನೆಗೆ:

“ಬೇಡಿಕೆ ಒಂದು: ಹದಿನೇಳನೇ ನಂಬರಿನವರನ್ನು ಕೂಡಲೇ ಆಡಿಸತಕ್ಕದ್ದು. ಬೇಡಿಕೆ ಎರಡು: ಚೆಂಡನ್ನು ವಿನಾಕಾರಣ ನೆಲಕ್ಕೆ ಬಡಿಯತಕ್ಕದ್ದಲ್ಲ. ಏಳು ದಿನದೊಳಗೆ ಕ್ರಮ ಕೈಗೊಳ್ಳದಿದ್ದಲ್ಲಿ ಉಗ್ರ ಹೋರಾಟ ಅನಿವಾರ್ಯ.”

ಸಹಿ ನಲವತ್ತೊಂದು. ನಲವತ್ತು ಹೆಂಗಸರು, ಒಬ್ಬ ಗುಲಾಬಸಾಬ.

ಕರೀಮಾಬಿ

*

ಪುಣೆ
10 ಫೆಬ್ರವರಿ 2025

ಕರೀಮಾಬಿಯವರೇ,

ನಿಮಗೆ ಸಮಾಧಾನವಾಯಿತೇ?

ರಾಜೀವ ಸರ್ ನಿಮ್ಮ ಮನವಿಯನ್ನು ಇಡೀ ತಂಡದ ಎದುರು ಗಟ್ಟಿಯಾಗಿ ಓದಿದರು. ‘ಉಗ್ರ ಹೋರಾಟ’ ಬಂದಾಗ ಹುಡುಗಿಯರು ನೆಲದ ಮೇಲೆ ಬಿದ್ದು ನಕ್ಕರು. ನಾಯಕಿ ವೃಂದಾ ಮಾತ್ರ ನಗಲಿಲ್ಲ, ಅವಳಿಗೆ ನನ್ನ ಮೇಲೆ ಕರುಣೆ ಬಂದಿತ್ತು. ಅದು ಇನ್ನೂ ಕೆಟ್ಟದು. ಸರ್ ನನ್ನನ್ನು ನಿಲ್ಲಿಸಿ ಕೇಳಿದರು: “ಏನವಾ, ಇದೇನ್ ತಂಡನೋ ಯೂನಿಯನ್ ಆಫೀಸೋ? ಆಡಸ್ರಿ ಅಂತ ನೀನ ಹೇಳಿ ಬರಸಿಲ್ಲ ಅಂತ ಹೆಂಗ ನಂಬಲಿ?”

ನಿಮಗೆ ತಿಳಿಯದ ಸಂಗತಿ ಹೇಳುತ್ತೇನೆ. ಏಳನೇ ಪಂದ್ಯದ ಮರುದಿನ ಪ್ರತಿ ತಂಡವೂ ಇಬ್ಬರನ್ನು ಕೈಬಿಟ್ಟು ಹೊಸಬರನ್ನು ತೆಗೆದುಕೊಳ್ಳಬಹುದು. ಆರು ಪಂದ್ಯದಲ್ಲಿ ನಾನು ಆಡಿದ್ದು ಒಟ್ಟು ಮೂರು ನಿಮಿಷ. ಒಂದು ಹೆಸರು ನನ್ನದೇ ಎಂದು ಎಲ್ಲರಿಗೂ ಗೊತ್ತು. ಇಪ್ಪತ್ತೊಂದನೇ ವಯಸ್ಸಿಗೆ ನನ್ನ ಆಟ ಮುಗಿಯುತ್ತದೆ. ಕೈಬಿಟ್ಟವಳನ್ನು ಬೇರೆ ತಂಡದವರು ಕರೆಯುವುದಿಲ್ಲ.

ಇಲ್ಲಿ ಎಲ್ಲರೂ ದೊಡ್ಡ ಶಾಲೆ, ದೊಡ್ಡ ಅಕಾಡೆಮಿಯವರು. ನನ್ನ ಪಾಸ್ ನೋಡಿ ‘ಹೊಲದ ಪಾಸ್’ ಎನ್ನುತ್ತಾರೆ. ಚೆಂಡು ಪುಟಿಸಿ ಡ್ರಿಬಲ್ ಮಾಡಲು ಹೋದರೆ ನನ್ನ ಕೈ ಹೆದರುತ್ತದೆ ಎಂದು ಸರ್ ಬೈಯುತ್ತಾರೆ. ನಾನು ಅದನ್ನು ಮರೆಯಲು ಒದ್ದಾಡುತ್ತಿರುವಾಗ ನೀವು ನಲವತ್ತೊಂದು ಜನ ಸಹಿ ಹಾಕಿ ನೆನಪಿಸುತ್ತೀರಿ. ಅದೂ ತಪ್ಪುತಪ್ಪಾಗಿ. ಕೂಗುವವಳು ಎಸೆಯುವವಳಲ್ಲ, ಹಿಡಿಯುವವಳು. ಕೈ ಸಿದ್ಧವಾದ ಮೇಲೆ ಅವಳು ಕೂಗಬೇಕು, ಆ ದನಿಯ ಕಡೆಗೆ ಎಸೆಯಬೇಕು. ಅಷ್ಟೂ ಗೊತ್ತಿಲ್ಲದೆ ಮೂವತ್ತೊಂದು ವರ್ಷ ಏನು ಇಳಿಸಿದಿರಿ?

ಇನ್ನು ಮುಂದೆ ಬರೆಯಬೇಡಿ.

ಮಹೆಕ

*

ಅಮರಗೋಳ
14 ಫೆಬ್ರವರಿ 2025

ವಿಷಯ: ತಪ್ಪೊಪ್ಪಿಗೆ.

ಮಹೆಕ,

ಮನವಿ ಕೊಟ್ಟದ್ದು ತಪ್ಪು. ನಮಗೆ ಮೇಲೆ ಕೂತವರೆಲ್ಲ ಸೆಕ್ರೆಟರಿಯ ಹಾಗೆ ಕಾಣುತ್ತಾರೆ, ಕೋಚೂ ಹಾಗೆಯೇ ಕಂಡರು. ಇಲ್ಲಿ ಮನವಿ ಕೊಟ್ಟರೆ ಬೈಯುವುದು ನಮ್ಮನ್ನೇ. ಅಲ್ಲಿ ನಿನ್ನನ್ನು ಬೈಯುತ್ತಾರೆ ಎಂದು ಹೊಳೆಯಲಿಲ್ಲ. ನಿನಗೆ ಆದ ಅವಮಾನ ನನ್ನ ಹೆಸರಿನಲ್ಲಿರಲಿ.

ಆದರೆ ಕೂಗುವವಳು ಯಾರು ಎಂದು ನಾನು ಬೇಕೆಂದೇ ತಪ್ಪು ಬರೆದಿದ್ದೆ. ಆ ತಪ್ಪು ಕಂಡು ಕೆರಳಲು ಸಾಲಿನಲ್ಲಿ ನಿಂತಿರಬೇಕು. ಸಿಕ್ಕಿಬಿದ್ದೆ, ಬೇಟಿ. ಯಾವ ಶಾಲೆಯಲ್ಲೂ ಅದನ್ನು ಕಲಿಸುವುದಿಲ್ಲ.

ಎಲ್ಲಿ ನಿಂತಿದ್ದೆ, ಯಾರ ಜೊತೆ ನಿಂತಿದ್ದೆ ಎಂದು ನಾನು ಕೇಳುವುದಿಲ್ಲ. ಹೇಳಬೇಕು ಅನ್ನಿಸಿದ ದಿನ ನೀನೇ ಹೇಳು. ಆದರೆ ‘ಹೊಲದ ಪಾಸ್’ ಎಂದಾಗ ತಲೆ ತಗ್ಗಿಸಿದೆಯಲ್ಲ, ಅದು ನನಗೆ ಹಿಡಿಸಲಿಲ್ಲ. ಅವರು ತಿನ್ನುವ ಕಲ್ಲಂಗಡಿ ಒಡೆಯದೆ ಅವರ ತಟ್ಟೆ ಮುಟ್ಟಿದ್ದು ಯಾವ ಅಕಾಡೆಮಿಯಿಂದ?

ಒಂದು ಕೆಲಸ ಮಾಡು. ಕೋಚನ್ನು ಬೇಡಬೇಡ. ನಾಯಕಿಯನ್ನೂ ಬೇಡಬೇಡ. ಬೆಂಚಿನ ಮೇಲೆ ನೀವು ಐದಾರು ಜನ ದಿನವೂ ಪಕ್ಕಪಕ್ಕ ಕೂಡುತ್ತೀರಿ. ಅದೇ ಒಂದು ಸಾಲು. ಅವರಿಗೆ ಕೂಗಲು ಕಲಿಸು. ಮೊದಲು ನಗುತ್ತಾರೆ. ಕಣ್ಣು ಕಟ್ಟಿಕೊಂಡು ಹಿಡಿದು ತೋರಿಸು, ನಗು ನಿಲ್ಲುತ್ತದೆ. ಇಲ್ಲಿ ಹೊಸಬರಿಗೆ ನಾವು ಹಾಗೆಯೇ ಕಲಿಸುತ್ತೇವೆ, ಮೊದಲು ಕುಂಬಳಕಾಯಿಯಿಂದ.

ಬರೆಯಬೇಡ ಎಂದಿದ್ದೆ. ಬರೆದೆ. ಆಜ್ಞೆ ಮೀರುವುದು ನಮಗೆ ರೂಢಿ.

ಕರೀಮಾಬಿ

*

ಪುಣೆ
27 ಫೆಬ್ರವರಿ 2025

ಖಾಲಾ,

ಚಿಕ್ಕಮ್ಮನನ್ನು ಕರೆದಂತೆ ಹೀಗೆ ಕರೆಯಬಹುದಲ್ಲವೇ? ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಓದಿಕೊಳ್ಳಿ.

ಬೆಂಚಿನವರು ಮೊದಲು ನಕ್ಕರು. ಆರ್ಜೂ ಎಂಬ ಹುಡುಗಿ “ನಾವೇನು ಕುರಿ ಕರಿಯಾಕ ಬಂದೇವಿ?” ಅಂದಳು. ನಾನು ಟವೆಲ್ಲಿನಿಂದ ಕಣ್ಣು ಕಟ್ಟಿಕೊಂಡೆ. ಹತ್ತರಲ್ಲಿ ಒಂಬತ್ತು ಹಿಡಿದೆ. ಹತ್ತನೆಯದು ಆರ್ಜೂ ಸಿಟ್ಟಿನಿಂದ ಮೂಗಿಗೇ ಎಸೆದಿದ್ದಳು. ಆಮೇಲೆ ಅವಳೇ ಮೊದಲು ಕೂಗಲು ಕಲಿತಳು. ಅವಳ ‘ಹಾಂ’ ಕೇಳಿದರೆ ಲಾರಿಯೇ ಹಿಂದೆ ಸರಿದೀತು.

ಶುಕ್ರವಾರ ಅಭ್ಯಾಸದಲ್ಲಿ ಬೆಂಚಿನ ಐವರು ಮುಖ್ಯ ಐವರನ್ನು ಹತ್ತು ನಿಮಿಷದಲ್ಲಿ ಹದಿನೆಂಟಕ್ಕೆ ಒಂಬತ್ತು ಎಂದು ಸೋಲಿಸಿದೆವು. ಚೆಂಡನ್ನು ಒಂದು ಸಲವೂ ಪುಟಿಸಲಿಲ್ಲ. ರಾಜೀವ ಸರ್ ಸೀಟಿ ಊದುವುದನ್ನೇ ಮರೆತರು. ಆಮೇಲೆ “ಮತ್ತೊಮ್ಮೆ ಆಡ್ರಿ” ಎಂದರು. ಮತ್ತೆ ಗೆದ್ದೆವು.

ಭಾನುವಾರ ಏಳನೇ ಪಂದ್ಯ. ಮೂರನೇ ಕ್ವಾರ್ಟರ್ ಮುಗಿದಾಗ ಹನ್ನೊಂದು ಅಂಕ ಹಿಂದಿದ್ದೆವು. ಸರ್ ಬೆಂಚಿನ ಕಡೆ ತಿರುಗಿ ನಮ್ಮಲ್ಲಿ ನಾಲ್ವರನ್ನು ಒಮ್ಮೆಲೇ ಅಂಕಣಕ್ಕೆ ಕಳಿಸಿದರು, ಆಡುತ್ತಿದ್ದವರಲ್ಲಿ ವೃಂದಾಳನ್ನು ಮಾತ್ರ ಉಳಿಸಿಕೊಂಡರು. ನೀವು ನೋಡಿದಿರಲ್ಲ? ಎದುರಾಳಿ ಹುಡುಗಿಯರು ಚೆಂಡು ಎಲ್ಲಿದೆ ಎಂದು ಹುಡುಕುತ್ತಿದ್ದರು. ನನ್ನ ಪಾಸಿನಿಂದ ಆರು ಬಾಸ್ಕೆಟ್ ಬಿದ್ದವು. ಮೂರು ಅಂಕದಿಂದ ಗೆದ್ದೆವು.

ಸೋಮವಾರ ಕೈಬಿಟ್ಟವರ ಪಟ್ಟಿ ಬಂತು. ನನ್ನ ಹೆಸರಿಲ್ಲ.

ಮಂಗಳವಾರ ಡ್ರೆಸ್ಸಿಂಗ್ ಕೋಣೆಗೆ ಹೋದರೆ ಗೋಡೆಯ ಮೇಲೆ ನಿಮ್ಮ ಮನವಿ ಅಂಟಿಸಿದೆ. ಸರ್ ಅದನ್ನು ಎಸೆದಿರಲಿಲ್ಲ. ಎರಡನೇ ಬೇಡಿಕೆಗೆ ಕೆಂಪು ಗೆರೆ ಎಳೆದು ಪಕ್ಕದಲ್ಲಿ ‘ಮಂಜೂರು’ ಎಂದು ಬರೆದಿದ್ದಾರೆ.

ಉಳಿದ ಏಳೂ ಪಂದ್ಯ ಹುಬ್ಬಳ್ಳಿಯಲ್ಲಿ. ಮೊದಲನೆಯದು ಮಾರ್ಚ್ ಎಂಟು, ಶನಿವಾರ ಸಂಜೆ ಆರಕ್ಕೆ. ಹತ್ತು ಟಿಕೆಟ್ ಇದರೊಳಗಿವೆ. ಡಿ ಬ್ಲಾಕ್, ಮೂರನೇ ಸಾಲು. ನಾನು ಒಳಗೆ ಬಂದ ಕೂಡಲೇ ಆ ಕಡೆ ನೋಡುತ್ತೇನೆ.

ಮಹೆಕ

*

ಹುಬ್ಬಳ್ಳಿ, ತಂಡದ ಬಿಡಾರ
10 ಮಾರ್ಚ್ 2025

ಖಾಲಾ,

ಗೆದ್ದೆವು. ಒಂಬತ್ತು ಅಂಕದಿಂದ. ಊರವರು ಕುರ್ಚಿ ಬಿಟ್ಟು ಕುಣಿದರು.

ಡಿ ಬ್ಲಾಕಿನ ಮೂರನೇ ಸಾಲಿನಲ್ಲಿ ಹತ್ತು ಕುರ್ಚಿ ಕೊನೆಯವರೆಗೂ ಖಾಲಿ ಇದ್ದವು. ಇಡೀ ಸ್ಟೇಡಿಯಂನಲ್ಲಿ ಅವೇ ಖಾಲಿ.

ಬರಲಾಗದಿದ್ದರೆ ಟಿಕೆಟ್ ಬೇರೆಯವರಿಗೆ ಕೊಡಬಹುದಿತ್ತು. ಸೋಲುವಾಗ ದಿನವೂ ನೋಡಿದವರು, ಗೆಲ್ಲುವಾಗ ಅಮರಗೋಳದಿಂದ ಇಷ್ಟು ಹತ್ತಿರ ಬರಲಾಗಲಿಲ್ಲ. ತಿಳಿಯಿತು.

ಮಹೆಕ

*

ಅಮರಗೋಳ
12 ಮಾರ್ಚ್ 2025

ಮಹೆಕ,

ಆ ದಿನ ಒಟ್ಟಿಗೆ ಎರಡು ಲಾರಿ ಬಂದವು. ರಂಜಾನ್ ತಿಂಗಳು, ಕಲ್ಲಂಗಡಿಗೆ ಬೇಡಿಕೆ. ಬಿಟ್ಟು ಬರಲಾಗಲಿಲ್ಲ. ಆಟ ಮೊಬೈಲಿನಲ್ಲಿ ನೋಡಿದೆವು. ಛಲೋ ಆಡಿದಿ. ಎರಡನೇ ಕ್ವಾರ್ಟರಿನಲ್ಲಿ ಆರ್ಜೂಳಿಗೆ ಕೊಟ್ಟ ಪಾಸ್ ತಡವಾಯಿತು.

ಮೂರು ಗೆಲುವು, ಐದು ಸೋಲು. ಇನ್ನೂ ದಾರಿ ಇದೆ. ಆಟದ ಕಡೆ ಗಮನ ಇರಲಿ.

ಕರೀಮಾಬಿ

*

ಹುಬ್ಬಳ್ಳಿ
17 ಮಾರ್ಚ್ 2025

ಖಾಲಾ,

ನಿಮ್ಮ ಕಾಗದಕ್ಕೆ ‘ವಿಷಯ’ ಇರಲಿಲ್ಲ. ನೋಡಿದಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ನೀವು ಸುಳ್ಳಿಗೆ ಶೀರ್ಷಿಕೆ ಕೊಡುವವರಲ್ಲ.

ಶನಿವಾರ ಪಂದ್ಯಕ್ಕೆ ಹೊರಟಾಗ ನಮ್ಮ ಬಸ್ಸಿನ ಡ್ರೈವರ್ ಮುಷರಫ ಭಾಯಿ ತಾನಾಗಿಯೇ ಹೇಳಿದರು: “ಅಮರಗೋಳದ ಹೆಣ್ಮಕ್ಕಳು ಇವತ್ತೂ ಗೇಟಿನಾಗ ಕುಂಡರತಾರೇನೋ. ಹೋದ ಶನಿವಾರ ನನಗೊಂದು ಹೋಳು ಕಲ್ಲಂಗಡಿ ಕೊಟ್ಟಿದ್ರು.” ನಾನು ಬಸ್ಸಿನಲ್ಲೇ ಎದ್ದು ನಿಂತೆ. ಆಮೇಲೆ ಅವರು ಪೂರ್ತಿ ಹೇಳಿದರು. ಮಹಿಳಾ ದಿನವೆಂದು ಗೇಟಿನಲ್ಲಿ ಬರುವ ಹೆಂಗಸರಿಗೆಲ್ಲ ಒಂದೊಂದು ಗುಲಾಬಿ ಕೊಡುತ್ತಿದ್ದರಂತೆ. ನೀವು ಹತ್ತು ಜನ ಕೆಲಸದ ಬಟ್ಟೆಯಲ್ಲೇ ಟಿಕೆಟ್ ಹಿಡಿದು ಬಂದಿರಂತೆ. ಕಾವಲಿನವನು ಸೀನತೊಡಗಿದನಂತೆ. “ಮೈಯೆಲ್ಲಾ ಮೆಣಸಿನಕಾಯಿ ಘಾಟು, ಒಳಗ ದೊಡ್ಡ ಮಂದಿ ಕುಂತಾರ, ಬಟ್ಟಿ ಬದಲಿ ಮಾಡ್ಕೊಂಡ ಬರ್ರಿ” ಎಂದನಂತೆ. ಅದಕ್ಕೆ ನೀವು, “ತಂಡದ ಹೆಸರೂ ಬದಲಿ ಮಾಡ್ಕೊಂಡ ಬಾ ಅಂತ ಹೇಳಪಾ ನಿಮ್ಮ ಮಾಲಕಗ” ಎಂದು ಅಲ್ಲಿಯೇ ಕೂತುಬಿಟ್ಟಿರಂತೆ. ರಂಜಾನ್ ಉಪವಾಸದ ರೋಜಾ ಬಿಟ್ಟದ್ದೂ ಆ ಗೇಟಿನ ಮುಂದೆಯೇ.

ನಾನು ಒಳಗೆ ಖಾಲಿ ಕುರ್ಚಿ ನೋಡಿ ಸಿಟ್ಟಾಗುತ್ತಿದ್ದೆ. ನೀವು ಐವತ್ತು ಹೆಜ್ಜೆ ಆಚೆಗೆ ನೆಲದ ಮೇಲೆ ಕೂತಿದ್ದಿರಿ. ನನ್ನ ಆಟ ಕೆಡಬಾರದೆಂದು ಸುಳ್ಳು ಬರೆದಿರಿ. ಆಮೇಲೂ ನಾನು ಕಾಗದದಲ್ಲಿ ಚುಚ್ಚಿದೆ. ಕ್ಷಮಿಸಿ.

ಶನಿವಾರವೂ ಗೆದ್ದೆವು. ಮುಗಿದ ಮೇಲೆ ನನ್ನ ಮುಂದೆ ಮೈಕು ಹಿಡಿದರು. “ಇಂಥ ಪಾಸ್ ಎಲ್ಲಿ ಕಲಿತಿರಿ?” ಎಂದು ಕೇಳಿದರು. ಇದೇ ಪ್ರಶ್ನೆಗೆ ನಾನು ಜನವರಿಯಲ್ಲಿ ನಿಮಗೆ ಸುಳ್ಳು ಹೇಳಿದ್ದೆ. ಈ ಸಲ ಹೇಳಿದೆ: “ಅಮರಗೋಳದಾಗ, ಕಲ್ಲಂಗಡಿ ಲಾರಿ ಮುಂದ. ನಮ್ಮ ಅಮ್ಮಿ ತಸ್ಲೀಮಾ ಮೂರನೇ ಜಾಗಾದಾಗ ನಿಲ್ಲತಿದ್ಲು, ನಾ ಸಾಲಿನ ಕಡೀಗೆ. ನನಗ ಮತ್ತೊಮ್ಮೆ ಕಲಿಸಿದವರು ಹೋದ ಶನಿವಾರ ಗೇಟಿನ ಹೊರಗ ಕುಂತಿದ್ರು. ಒಳಗ ಬಿಡಲಿಲ್ಲ. ಅವರ ಮೈಯಾಗ ಮೆಣಸಿನಕಾಯಿ ನಾತ ಐತಂತ. ನನ್ನ ಅಂಗಿ ಮ್ಯಾಲೂ ಮೆಣಸಿನಕಾಯಿನ ಐತಿ, ನೋಡ್ರಿ.”

ಸ್ನೇಹಲ್ ಮೇಡಂ ಮುಖ ಬಿಳಿಚಿತು. ನನ್ನನ್ನು ಅಂದೇ ಮನೆಗೆ ಕಳಿಸುತ್ತಾರೆ ಎಂದುಕೊಂಡೆ. ವೃಂದಾ ಬಂದು ನನ್ನ ಪಕ್ಕ ನಿಂತಳು. ಆಮೇಲೆ ಆರ್ಜೂ. ಆಮೇಲೆ ಇಡೀ ತಂಡ. ಕೊನೆಗೆ ರಾಜೀವ ಸರ್ ಬಂದು ಮೈಕಿಗೆ ಒಂದೇ ಮಾತು ಹೇಳಿದರು: “ಅವರನ್ನ ಒಳಗ ಬಿಡೂ ತನಕ ನನ್ನ ತಂಡನೂ ಹೊರಗ ನಿಂದರತದ.”

ಒಂದು ಮಾತು ಕೇಳಬೇಕು. ಭಾನುವಾರ ಫೋನಿನಲ್ಲಿ ಅಮ್ಮಿಗೆ ನಿಮ್ಮ ಹೆಸರು ಹೇಳಿದೆ. ಹತ್ತು ನಿಮಿಷದಲ್ಲಿ ಏಳು ನಿಮಿಷ ಸುಮ್ಮನಿದ್ದಳು. ಯಾಕೆ, ಖಾಲಾ?

ಮಹೆಕ

*

ಅಮರಗೋಳ
24 ಮಾರ್ಚ್ 2025

ವಿಷಯ: ಈ ಲೀಗ್‌ನಲ್ಲಿ ಇಲ್ಲಿಯವರೆಗೆ ಗೆದ್ದದ್ದು ಮತ್ತು ಸೋತದ್ದರ ಕುರಿತು.

ಬೇಟಿ,

ಮೊದಲು ಸೋತದ್ದು ಹೇಳುತ್ತೇನೆ.

ಜನವರಿಯಲ್ಲಿ ತಕ್ಕಡಿಯ ಕೊಕ್ಕೆಗೆ ಕಟ್ಟಿದ ಆ ಸಣ್ಣ ಪರದೆಯಲ್ಲಿ ನೀನು ಸೊಂಟದಿಂದ ತಿರುಗಿದಾಗಲೇ ಗುರುತು ಹಿಡಿದೆ. ಆ ಮೊಣಕೈ ತಸ್ಲೀಮಾಳದು. ಗೊತ್ತಿದ್ದೂ ಕೇಳಿದೆ, ಯಾಕೆಂದರೆ ಅವಳ ಹೆಸರನ್ನು ನನ್ನ ಬಾಯಿಂದ ತೆಗೆಯಲು ನನಗೆ ಮುಖವಿರಲಿಲ್ಲ.

ಹನ್ನೆರಡು ವರ್ಷದ ಹಿಂದೆ ನಾವು ಹೆಂಗಸರು ಹತ್ತೊಂಬತ್ತು ದಿನ ಕೆಲಸ ನಿಲ್ಲಿಸಿದ್ದೆವು. ಗಂಡಸು ಹಮಾಲರಿಗೆ ಕೊಟ್ಟ ಲೈಸೆನ್ಸಿನ ಬಿಲ್ಲೆ ನಮಗೂ ಬೇಕು ಎಂದು. ಹನ್ನೆರಡನೇ ದಿನ ತಸ್ಲೀಮಾ ಒಬ್ಬಳೇ ಬಂದು ಲಾರಿ ಇಳಿಸಿದಳು. ನಾನು ಎಲ್ಲರ ಮುಂದೆ ಅವಳನ್ನು ದ್ರೋಹಿ ಎಂದು ಕರೆದು ಸಂಘದ ಪಟ್ಟಿಯಿಂದ ಹೆಸರು ಹೊಡೆದು ಹಾಕಿದೆ. ನನ್ನ ಕೈಯಿಂದಲೇ, ಮದುವೆಯಾದ ಮೇಲೆ ಕಲಿತ ಅಕ್ಷರದಿಂದಲೇ. ಅವಳು ನಿನ್ನನ್ನು ಕರೆದುಕೊಂಡು ಧಾರವಾಡದ ಹತ್ತಿರದ ಹೆಬ್ಬಳ್ಳಿಗೆ ಹೋದಳು. ಬಿಲ್ಲೆ ಬಂದವು, ಅವಳಿಗೆ ಬರಲಿಲ್ಲ. ಆ ವಾರ ನಿನಗೆ ಟೈಫಾಯ್ಡ್ ಆಗಿತ್ತು ಎಂದು ನನಗೆ ತಿಳಿದದ್ದು ಮೊನ್ನೆ ಗುರುವಾರ. ಹನ್ನೆರಡು ವರ್ಷ ನಾನು ಕೇಳಿರಲಿಲ್ಲ. ಎಸೆಯುವವಳಾಗಿ ನಾನೇ ಕೂಗಿದ್ದೆ, ಬೇಟಿ. ಹಿಡಿಯುವವಳ ಕೈ ಸಿದ್ಧವಿದೆಯೇ ಎಂದು ನೋಡಲಿಲ್ಲ. ನಿನಗೆ ಬರೆದ ಆ ತಪ್ಪು ಸಾಲು ಬಲೆ ಎಂದಿದ್ದೆ. ಪೂರ್ತಿ ಬಲೆಯಾಗಿರಲಿಲ್ಲ.

ಗುರುವಾರ ಬೆಳಿಗ್ಗೆ ಹೆಬ್ಬಳ್ಳಿಗೆ ಹೋದೆ. ನಿಮ್ಮ ಅಮ್ಮಿ ಅಂಗಳದಲ್ಲಿ ಶೇಂಗಾ ಒಡೆಯುತ್ತಿದ್ದಳು.

“ಯಾಕ ಬಂದಿ?” ಅಂದಳು.

“ತಪ್ಪಾತು ಅಂತ ಹೇಳಾಕ.”

“ಹನ್ನೆರಡ ವರ್ಷ ಬಸ್ ಸಿಗಲಿಲ್ಲೇನ?”

ಅವಳು ಮೊರದಿಂದ ಒಂದು ಹಿಡಿ ಶೇಂಗಾ ತೆಗೆದುಕೊಂಡಳು. ನನ್ನ ಕಡೆ ನೋಡಲಿಲ್ಲ, ಕೈಯನ್ನೂ ಚಾಚಲಿಲ್ಲ. ಸುಮ್ಮನೆ ಕಾದಳು. ಆಗ ನನಗೆ ತಿಳಿಯಿತು. “ಹಾಂ” ಅಂದೆ. ಎಸೆದಳು. ಹಿಡಿದೆ. ರೋಜಾ ಇತ್ತು, ಸೆರಗಿಗೆ ಕಟ್ಟಿಕೊಂಡು ಬಂದೆ.

ಇನ್ನು ಗೆದ್ದದ್ದು.

ನೀನು ಮೈಕಿನ ಮುಂದೆ ಹೇಳಿದ ಮರುದಿನವೇ ಮಾಲೀಕರು ಹೂವಿನ ಗುಚ್ಛ ಮತ್ತು ಹತ್ತು ಪುಕ್ಕಟೆ ಪಾಸು ಕಳಿಸಿದರು. ಗುಚ್ಛವನ್ನು ಗುಲಾಬಸಾಬ ಎತ್ತಿನ ಮುಂದೆ ಇಟ್ಟ, ಎತ್ತು ತಿನ್ನಲಿಲ್ಲ. ನಾವು ಬರೆದು ಕಳಿಸಿದೆವು: ಪಾಸು ಬೇಡ, ಟಿಕೆಟ್ ನಾವೇ ಕೊಳ್ಳುತ್ತೇವೆ, ಕೆಲಸದ ಬಟ್ಟೆಯಲ್ಲೇ ಬರುತ್ತೇವೆ, ರೋಜಾ ಬಿಡಲು ಕಲ್ಲಂಗಡಿ ತರುತ್ತೇವೆ, ಕಾವಲಿನವನ ನೌಕರಿ ಕಳೆಯಬಾರದು, ಅವನು ಹೇಳಿದ್ದು ಹೇಳಿಸಿದವರ ಮಾತು. ನಾಲ್ಕೂ ಒಪ್ಪಿದರು. ಶನಿವಾರ ಅದೇ ಗೇಟಿನಲ್ಲಿ ಅದೇ ಕಾವಲಿನವನು ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಬಾಗಿಲು ತೆಗೆದ. “ಬರ್ರಿ ಅವ್ವಾರ, ಸೀನು ಬಂದ್ರ ಮಾಫ್ ಮಾಡ್ರಿ” ಎಂದ. ಅವನಿಗೂ ಒಂದು ಹೋಳು ಕೊಟ್ಟೆವು.

ಅಂಕಣದಲ್ಲಿ ಏನಾಯಿತು ಎಂದು ನಿನಗೆ ಗೊತ್ತು. ಡಿ ಬ್ಲಾಕಿನಲ್ಲಿ ಏನಾಯಿತು ಎಂದು ನಾನು ಹೇಳಬೇಕು.

ಆರೂ ಮುಕ್ಕಾಲರ ಹೊತ್ತಿಗೆ ಅರ್ಧ ವಿರಾಮ. ಕಲ್ಲಂಗಡಿ ಕೆಳಗಿನ ಸಾಲಿನಿಂದ ಮೇಲಿನ ಸಾಲಿಗೆ ಕೈಯಿಂದ ಕೈಗೆ ಹತ್ತಿತು. ಕೇಶ್ವಾಪುರದ ಕಡೆಯ ಒಬ್ಬ ಸೂಟಿನವರು ನಮ್ಮ ಮಧ್ಯೆ ಸಿಕ್ಕಿಬಿದ್ದಿದ್ದರು. ಅವರ ಕೈಗೂ ಒಂದು ಕಾಯಿ ಬಂತು. “ಹಾಂ ಅನ್ರಿ ಸಾಹೇಬರ, ಇಲ್ಲಾಂದ್ರ ಬೀಳತದ” ಎಂದೆವು. ಅಂದರು. ಹಿಡಿದರು. ಆಮೇಲೆ ಅವರನ್ನು ಸುಮ್ಮನಿರಿಸುವುದೇ ಕಷ್ಟವಾಯಿತು.

ಕೊನೆಯ ಹನ್ನೊಂದು ಸೆಕೆಂಡು. ನೀವು ಒಂದು ಅಂಕ ಹಿಂದೆ. ಚೆಂಡು ನಿನ್ನ ಕೈಯಲ್ಲಿ, ಇಬ್ಬರು ನಿನ್ನ ಮೇಲೆ. ಇಡೀ ಸ್ಟೇಡಿಯಂ ಹುಬ್ಬಳ್ಳಿ, ಹುಬ್ಬಳ್ಳಿ ಎಂದು ಬೊಬ್ಬೆ ಹೊಡೆಯುತ್ತಿತ್ತು, ನಾನೂ ಹೊಡೆಯುತ್ತಿದ್ದೆ. ಹೆಬ್ಬಳ್ಳಿಯಿಂದ ಬಂದು ಪಕ್ಕದಲ್ಲಿ ಕೂತಿದ್ದ ನಿಮ್ಮ ಅಮ್ಮಿ ನನ್ನ ತೋಳು ಹಿಂಡಿದಳು. “ಇಷ್ಟು ಗದ್ದಲದಾಗ ನನ್ನ ಮಗಳಿಗೆ ಕೂಗು ಕೇಳಂಗಿಲ್ಲ ಕರೀಮಾ.” ನಾನು ಎದ್ದು ನಿಂತೆ. ಮೂವತ್ತು ವರ್ಷ ಜನರಿಗೆ ಕೂಗಿರಿ ಎಂದು ಹೇಳಿದವಳು ಮೊದಲ ಸಲ ಹೇಳಿದೆ: “ಬಾಯಿ ಮುಚ್ಚರಿ, ಹುಡುಗಿಗೆ ಕೇಳಬೇಕು.” ನಮ್ಮ ನಲವತ್ತು ಜನ ಬಾಯಿಯ ಮೇಲೆ ಕೈ ಇಟ್ಟು ಎದ್ದು ನಿಂತರು. ಗುಲಾಬಸಾಬ ಕುರ್ಚಿ ಹತ್ತಿ ಎರಡೂ ಕೈ ಕೆಳಗೆ ಒತ್ತಿದ. ಸೂಟಿನವರು ತಮ್ಮ ಹಿಂದಿನ ಸಾಲನ್ನು ಗದರಿದರು. ಪಕ್ಕದ ಬ್ಲಾಕು ನಿಂತಿತು. ಎದುರಿನ ಬ್ಲಾಕು ನಿಂತಿತು. ಎಷ್ಟು ಸೆಕೆಂಡೋ ಗೊತ್ತಿಲ್ಲ, ಮೂರೋ ನಾಲ್ಕೋ. ಮೇಲಿನ ಫ್ಯಾನಿನ ಸದ್ದು ಕೇಳಿತು.

ಎಡ ಮೂಲೆಯಿಂದ ನಿಮ್ಮ ನಾಯಕಿ ವೃಂದಾ ಅಂದಳು: “ಹಾಂ.”

ನೀನು ಆ ಕಡೆ ನೋಡಲಿಲ್ಲ. ಸೊಂಟದಿಂದ ಎಸೆದೆ. ಚೆಂಡು ಇಬ್ಬರ ನಡುವಿನಿಂದ ಹೋಯಿತು, ವೃಂದಾಳ ಹೊಟ್ಟೆಗೆ ಹೋಯಿತು, ಅಲ್ಲಿಂದ ಬಲೆಗೆ ಹೋಯಿತು. ನೆಲ ಮುಟ್ಟಿದ್ದು ಅಂಕ ಬಿದ್ದ ಮೇಲೆ.

ಆಮೇಲೆ ಎಷ್ಟು ಕೂಗಿದೆವೆಂದರೆ ಇವತ್ತಿಗೂ ಗಂಟಲು ಕೂತಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಹನ್ನೊಂದು ಪಂದ್ಯ, ಆರು ಗೆಲುವು, ಐದು ಸೋಲು. ಗೆಲುವಿನಲ್ಲಿ ಕೊನೆಯ ಐದು ಸತತ. ಎಂಟರಲ್ಲಿ ಎಂಟನೆಯವರು ಈಗ ನಾಲ್ಕನೆಯವರು. ಇನ್ನು ಮೂರು ಪಂದ್ಯವಿದೆ. ಸೋತರೂ ಬರುತ್ತೇವೆ, ಅದು ಬೇರೆ ಮಾತು, ಸೋಲಬೇಡಿ.

ಕೋಚ್ ರಾಜೀವ ಅವರಿಗೆ ಹೊಸ ಮನವಿ ಜೊತೆಗಿದೆ. ಒಂದೇ ಬೇಡಿಕೆ: ಗೋಡೆಯ ಮೇಲಿನ ಹಳೆಯದನ್ನು ತೆಗೆದು ಇದನ್ನು ಅಂಟಿಸತಕ್ಕದ್ದು, ಯಾಕೆಂದರೆ ಹಳೆಯದರಲ್ಲಿ ಒಂದು ಹೆಸರು ಬಿಟ್ಟುಹೋಗಿತ್ತು. ಕೊನೆಯ ಸಹಿ ಸ್ವಲ್ಪ ಸೊಟ್ಟಗಿದೆ. ಬರೆಸೋಣವೆಂದು ನಿಮ್ಮ ಅಮ್ಮಿಯ ಕೈ ಹಿಡಿಯಲು ಹೋದೆ. ಬಿಡಿಸಿಕೊಂಡು ತಾನೇ ಬರೆದಳು.

ಈ ಮನವಿಗೆ ಸಹಿ ಮಾಡಿದವರು: ನಲವತ್ತೆರಡು.

ಕರೀಮಾಬಿ